ಒಲೆ ಹತ್ತಲಿಲ್ಲ, ಇಡ್ಲಿ ಇಳಿಯಲಿಲ್ಲ! ತಪ್ಪು ಪೆಲೆಟ್ಟಿನದೋ, ಬೂದಿಯದೋ?

ಬೆಳಗಿನ ಐದೂವರೆ. ಮೊದಲ ಬಸ್ಸು ಸ್ಟ್ಯಾಂಡಿನಲ್ಲಿ ನಿಂತು ಗುರುಗುಟ್ಟುತ್ತಿದೆ. ಡ್ರೈವರು, ಕಂಡಕ್ಟರು, ಹಾಲಿನವರು, ಮಂಡಿಗೆ ಹೊರಟವರು ಎಲ್ಲರೂ ಹೋಟೆಲಿನ ಮುಂದೆ ಕೈ ಉಜ್ಜುತ್ತ ನಿಂತಿದ್ದಾರೆ. ಒಳಗಿನಿಂದ ಬರುತ್ತಿರುವುದು ಮಾತ್ರ ಕಾಫಿಯ ಘಮ ಅಲ್ಲ, ಕಣ್ಣುರಿಸುವ ಬಿಳಿ ಹೊಗೆ.

"ಏನ್ ಭಟ್ರೇ, ಇಡ್ಲಿ ಇನ್ನೂ ಇಳೀಲಿಲ್ವಾ?" ಎಂದು ಗಲ್ಲಾದಿಂದ ಯಜಮಾನರ ಕೂಗು.

"ಒಲೆ ಹತ್ತಿದ್ರೆ ತಾನೇ ಸ್ವಾಮಿ, ಇಡ್ಲಿ ಇಳಿಯೋದು!" ಎಂದು ಒಳಗಿನಿಂದ ಭಟ್ಟರ ಉತ್ತರ, ಜೊತೆಗೊಂದು ಕೆಮ್ಮು.

ಗ್ಯಾಸ್ ಸಿಲಿಂಡರಿನ ದರಕ್ಕೆ ಬೆದರಿ ಪೆಲೆಟ್ ಒಲೆ ಹಾಕಿಸಿಕೊಂಡ ಹೋಟೆಲು, ಮೆಸ್ಸುಗಳಲ್ಲಿ ಇಂಥ ಮುಂಜಾನೆ ಅಪರೂಪವೇನಲ್ಲ. ಮರದ ಹೊಟ್ಟು, ಶೇಂಗಾ ಸಿಪ್ಪೆ ಮುಂತಾದವನ್ನು ಪುಡಿ ಮಾಡಿ, ಯಂತ್ರದಲ್ಲಿ ಒತ್ತಿ ಪೆನ್ಸಿಲ್ ತುಂಡಿನಂತೆ ಮಾಡಿದ ಉರುವಲೇ ಈ ಪೆಲೆಟ್. ಒಲೆ ಬಂದ ಮೊದಲ ತಿಂಗಳು ಎಲ್ಲವೂ ಚೆನ್ನ. ಆಮೇಲೆ ಉರಿ ಕೆಂಪಾಗುತ್ತದೆ, ಪಾತ್ರೆಯ ತಳ ಕಪ್ಪಾಗುತ್ತದೆ, ಚೀಲ ಬೇಗ ಖಾಲಿಯಾಗುತ್ತದೆ. ಯಜಮಾನರು ಪೆಲೆಟ್ ಮಾರಿದವನನ್ನು ಬೈಯುತ್ತಾರೆ. ಮಾರಿದವನು ಒಲೆ ಕೊಟ್ಟವನ ಕಡೆ ಬೆರಳು ತೋರಿಸುತ್ತಾನೆ. ಇವರಿಬ್ಬರ ನಡುವೆ ಹೊಗೆ ಕುಡಿಯುವವರು ಭಟ್ಟರು.

ಇಷ್ಟಾದರೂ ಒಲೆಯೊಳಗೆ ಕೈ ಹಾಕಿ ಬೂದಿ ನೋಡುವವರು ಕಡಿಮೆ. ಫ್ಯಾನು ಜೋರು ಮಾಡುವುದು, ಅದಕ್ಕೂ ಬಗ್ಗದಿದ್ದರೆ ಒಂದು ಲೋಟ ಡೀಸೆಲ್ ಸುರಿಯುವುದು, ಇವೆರಡೇ ಎಲ್ಲರಿಗೂ ಗೊತ್ತಿರುವ ಮದ್ದು. ಎರಡನೆಯದು ಮದ್ದಲ್ಲ, ಮೃತ್ಯು. ಬಿಸಿ ಒಲೆಗೆ ಡೀಸೆಲ್ಲೋ ಸೀಮೆಎಣ್ಣೆಯೋ ಬಿದ್ದರೆ ಅದು ಆವಿಯಾಗಿ, ಭಗ್ಗೆಂದು ಮುಖಕ್ಕೇ ಬರುತ್ತದೆ.

ಎರಡು ಗಾಳಿಯ ಒಲೆ

ಹಳೆಯ ಸೌದೆ ಒಲೆಗೂ ಇದಕ್ಕೂ ಇರುವ ವ್ಯತ್ಯಾಸ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಇಲ್ಲಿ ಗಾಳಿ ಎರಡು ಕಡೆ ಹೋಗಬೇಕು. ತಳದ ತೂತುಗಳಿಂದ ಹೋಗುವ ಗಾಳಿ ಪೆಲೆಟ್ಟನ್ನು ಕೆಂಡ ಮಾಡಿ, ಅದರಿಂದ ಉರಿಯುವ ಅನಿಲ ಹೊರಡಿಸುತ್ತದೆ. ಮೇಲಿನ ಸುತ್ತಿನ ತೂತುಗಳಿಂದ ಬರುವ ಗಾಳಿ ಆ ಅನಿಲವನ್ನು ಸುಡುತ್ತದೆ. ಅಂದರೆ ಒಲೆ ತನ್ನ ಗ್ಯಾಸನ್ನು ತಾನೇ ಮಾಡಿಕೊಂಡು ತಾನೇ ಉರಿಸುತ್ತದೆ. ಕಣ್ಣುರಿಸುವ ಆ ಬಿಳಿ ಹೊಗೆ ಬೇರೇನಲ್ಲ, ಉರಿಯದೆ ತಪ್ಪಿಸಿಕೊಂಡ ಅದೇ ಗ್ಯಾಸು ಮತ್ತು ನೀರಿನ ಆವಿ. ಯಜಮಾನರ ದುಡ್ಡೇ ಸೂರಿಗೆ ಏರುತ್ತಿದೆ ಅನ್ನಿ.

ಅಂದಹಾಗೆ, ಈ ಒಲೆಯ ಒಂದು ಬೇರು ನಮ್ಮ ಬೆಂಗಳೂರಿನಲ್ಲೇ ಇದೆ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನ ವಿಜ್ಞಾನಿಗಳು ಮಾಡಿದ ವಿನ್ಯಾಸದ ಮೇಲೆ, 2006ರ ಸುಮಾರಿಗೆ 'ಊರ್ಜಾ' ಎಂಬ ಮನೆಬಳಕೆಯ ಪೆಲೆಟ್ ಒಲೆ ಮಾರುಕಟ್ಟೆಗೆ ಬಂತು. ಪುಟ್ಟ ಫ್ಯಾನು, ಅದಕ್ಕೊಂದು ಬ್ಯಾಟರಿ. ಮಹಾರಾಷ್ಟ್ರ, ಕರ್ನಾಟಕದ ಹಳ್ಳಿಗಳಲ್ಲಿ ಲಕ್ಷಗಟ್ಟಲೆ ಮಾರಾಟವಾಯಿತು. ಆಮೇಲೆ ಪೆಲೆಟ್ ಬೆಲೆ ಏರಿತು, ಮನೆಗಳಲ್ಲಿ ಒಲೆ ಮೂಲೆ ಸೇರಿತು, ವ್ಯಾಪಾರ ಹೋಟೆಲುಗಳ ಕಡೆ ತಿರುಗಿತು. ಈಗಿನ ಹೋಟೆಲ್ ಒಲೆಗಳು ಕಂಪನಿಗೊಂದು ಆಕಾರದಲ್ಲಿವೆ. ಆದರೆ ಗಾಳಿಯ ಲೆಕ್ಕ ಹೆಚ್ಚುಕಡಿಮೆ ಅದೇ.

ಮೊದಲು ಉರಿ ನೋಡಿ

ಸಲಾಕೆ ಹಿಡಿಯುವ ಮುಂಚೆ ಎರಡು ನಿಮಿಷ ಸುಮ್ಮನೆ ನಿಂತು ಉರಿ ನೋಡಬೇಕು. ಬಿಳಿ ಹೊಗೆ ನಿಲ್ಲದೇ ಇದ್ದರೆ ಪೆಲೆಟ್ ಒದ್ದೆ, ಇಲ್ಲವೇ ಗ್ಯಾಸು ಹೊತ್ತಿಕೊಂಡಿಲ್ಲ. ಉರಿ ಕೆಂಪಗೆ, ಸೋಮಾರಿಯಾಗಿ ತೂಗಾಡಿ ಕಪ್ಪು ಮಸಿ ಬಿಡುತ್ತಿದ್ದರೆ ಮೇಲಿನ ಗಾಳಿ ಸಾಲುತ್ತಿಲ್ಲ, ಅಥವಾ ಪೆಲೆಟ್ ಸುರಿದದ್ದು ಹೆಚ್ಚಾಗಿದೆ. ಕಿಡಿ ಹಾರಿ, ಉರಿ ಬುಸುಗುಟ್ಟಿ, ಪಾತ್ರೆಗೆ ಮಾತ್ರ ಬಿಸಿ ತಟ್ಟದಿದ್ದರೆ ಫ್ಯಾನು ಜಾಸ್ತಿ. ಒಲೆ ಚೆನ್ನಾಗಿದ್ದರೆ ಉರಿ ತಿಳಿ ಹಳದಿ, ಹೊಗೆ ಕಣ್ಣಿಗೆ ಕಾಣುವುದೇ ಇಲ್ಲ.

ಆಮೇಲೆ ಚೀಲಕ್ಕೆ ಕೈ ಹಾಕಿ ಒಂದು ಪೆಲೆಟ್ ಮುರಿಯಿರಿ. ಒಳ್ಳೆಯದಾದರೆ ಟಕ್ ಎಂದು ಮುರಿಯುತ್ತದೆ, ಮೈ ನುಣ್ಣಗೆ ಹೊಳೆಯುತ್ತದೆ. ಬೆರಳಲ್ಲೇ ಪುಡಿಯಾದರೆ ತೇವ ಕುಡಿದಿದೆ. ತೇವ ನೂರಕ್ಕೆ ಹತ್ತರೊಳಗೆ ಇರಬೇಕು. ಮಳೆಗಾಲದಲ್ಲಿ ಚೀಲವನ್ನು ಸಿಮೆಂಟ್ ನೆಲದ ಮೇಲೆ, ಗೋಡೆಗೆ ಒರಗಿಸಿ, ಪಕ್ಕದಲ್ಲೇ ಪಾತ್ರೆ ತೊಳೆದರೆ ಹತ್ತು ಎಲ್ಲಿ ಉಳಿದೀತು? ಇಟ್ಟಿಗೆ ಮೇಲೆ ಹಲಗೆ ಹಾಕಿ ಇಡಬೇಕು, ಬಾಯಿ ಕಟ್ಟಬೇಕು. ಉಬ್ಬಿ ಒಡೆದ ಪೆಲೆಟ್ಟನ್ನು ಬಿಸಿಲಿಗೆ ಹಾಕಿದರೂ ಅದು ಮತ್ತೆ ಪೆಲೆಟ್ ಆಗುವುದಿಲ್ಲ, ಹೊಟ್ಟೇ. ಚೀಲದ ತಳದ ಪುಡಿಯನ್ನೂ ಒಲೆಗೆ ಸುರಿಯಬಾರದು. ಅದು ಪೆಲೆಟ್ ಸಂದುಗಳಲ್ಲಿ ಕೂತು ಗಾಳಿಯ ಉಸಿರು ಕಟ್ಟಿಸುತ್ತದೆ. ಜರಡಿ ಹಿಡಿದರೆ ಆಯಿತು.

ಪೆಲೆಟ್ಟಿನಲ್ಲೂ ಜಾತಿ ಇದೆ. ಮಣ್ಣು, ತೊಗಟೆ ಸೇರದ ಮರದ ಹೊಟ್ಟಿನದಾದರೆ ನೂರು ಕಿಲೋಗೆ ಒಂದೆರಡು ಕಿಲೋ ಬೂದಿ. ಭತ್ತದ ಹೊಟ್ಟು ಬೆರೆಸಿದರೆ ಬೂದಿ ಏರುತ್ತ ಹೋಗುತ್ತದೆ. ಬರೀ ಭತ್ತದ ಹೊಟ್ಟಿನಲ್ಲಿ ನೂರಕ್ಕೆ ಇಪ್ಪತ್ತರ ಹತ್ತಿರ ಬೂದಿಯೇ. ಮಣ್ಣು ಸೇರಿದ ಶೇಂಗಾ ಸಿಪ್ಪೆಯದಾದರೆ ಬೂದಿ ಕರಗಿ, ಕಮ್ಮಾರನ ಕುಲುಮೆಯಲ್ಲಿ ಬರುವಂಥ ಕಿಟ್ಟ ಕಟ್ಟುತ್ತದೆ. ಅಗ್ಗ ಅಂತ ತಂದ ಚೀಲದಲ್ಲಿ ಎಷ್ಟು ಬೂದಿ ಇದೆ ಎಂದು ತಿಳಿಯಲು ಹತ್ತು ಕಿಲೋ ಸುಟ್ಟು, ಬೂದಿ ಆರಿದ ಮೇಲೆ ತಕ್ಕಡಿಗೆ ಹಾಕಿದರೆ ಸಾಕು. ಅಂಗಡಿಯವರಿಗೆ ತಕ್ಕಡಿ ಹೇಳಿಕೊಡಬೇಕೇ?

ಹಾಲು ಉಕ್ಕಿದ ಪಾಪ

ಇನ್ನು ಶುಚಿ. ಇದು ಒಲೆ ತಣ್ಣಗಿರುವಾಗ, ಪ್ಲಗ್ ಕಿತ್ತು ಮಾಡುವ ಕೆಲಸ. ಬಿಸಿ ಒಲೆಗೆ ನೀರು ಚಿಮುಕಿಸಿದರೆ ಕಬ್ಬಿಣವೂ ಒಳಗಿನ ಮಣ್ಣಿನ ಕವಚವೂ ಸೀಳುತ್ತವೆ.

ಜಾಲರಿ ಎತ್ತಿ ಬೂದಿ ತೆಗೆಯಿರಿ. ತಳದ ಪ್ರತಿ ತೂತಿಗೂ ಮೊಳೆ ಅಥವಾ ಸಣ್ಣ ಸರಳು ಆಡಿಸಿ. ಗಾಳಿ ಹೆಚ್ಚು ಬರಲಿ ಎಂದು ತೂತನ್ನು ದೊಡ್ಡದು ಮಾಡುವ ಜಾಣರಿದ್ದಾರೆ. ಹಾಗೆ ಮಾಡಿದರೆ ತಳದಲ್ಲಿ ಗಾಳಿ ಹೆಚ್ಚಿ, ಮೇಲೆ ಕಡಿಮೆಯಾಗಿ, ಒಲೆಯ ಲೆಕ್ಕವೇ ತಪ್ಪುತ್ತದೆ. ಕಿಟ್ಟವನ್ನು ಉಳಿಯಿಂದ ಮೆಲ್ಲಗೆ ಎಬ್ಬಿಸಬೇಕು, ಸುತ್ತಿಗೆಯಿಂದ ಕುಟ್ಟಬಾರದು.

ತಳವನ್ನು ಎಷ್ಟೋ ಜನ ತೊಳೆದು ಬಳಿದು ಇಡುತ್ತಾರೆ. ಮೇಲಿನ ಸುತ್ತಿನ ತೂತುಗಳನ್ನು ನೋಡುವವರೇ ಇಲ್ಲ. ಹಾಲು ಉಕ್ಕುತ್ತದೆ, ಸಾಂಬಾರು ಚೆಲ್ಲುತ್ತದೆ, ಅದೆಲ್ಲ ಆ ತೂತುಗಳಲ್ಲಿ ಸುಟ್ಟು ಕರಕಾಗಿ ಕೂರುತ್ತದೆ. ತಳ ಶುದ್ಧವಾಗಿದ್ದು ಗ್ಯಾಸು ಚೆನ್ನಾಗಿ ಹುಟ್ಟುತ್ತದೆ, ಸುಡಲು ಮೇಲೆ ಗಾಳಿಯಿಲ್ಲ. "ನಿನ್ನೆ ತಾನೇ ಕ್ಲೀನ್ ಮಾಡಿದ್ವಿ, ಆದ್ರೂ ಹೊಗೆ" ಎಂಬ ದೂರಿನ ಗುಟ್ಟು ಬಹಳ ಸಲ ಇಲ್ಲೇ ಇರುತ್ತದೆ. ಪೆಲೆಟ್ಟನ್ನು ಈ ತೂತುಗಳ ಮಟ್ಟಕ್ಕಿಂತ ಮೇಲೆ ತುಂಬಿದರೂ ಇದೇ ಗತಿ. ಉರಿ ಕುಂದಿತೆಂದು ಒಮ್ಮೆಗೇ ಬೊಗಸೆಗಟ್ಟಲೆ ಸುರಿಯದೆ, ಸ್ವಲ್ಪ ಸ್ವಲ್ಪವೇ ಹಾಕಬೇಕು.

ಫ್ಯಾನಿನ ಬಾಯಿಗೂ ಒಂದು ನೋಟ ಹಾಕಿ. ಹಿಟ್ಟಿನ ದೂಳು, ಬೋಂಡಾ ಎಣ್ಣೆಯ ಜಿಡ್ಡು ಸೇರಿ ಅದರ ಮೇಲೆ ಕಂಬಳಿಯಂತೆ ಕೂತಿರುತ್ತದೆ. ಬ್ರಷ್ಷಿನಿಂದ ಉಜ್ಜಿದರೆ ಹಳೆಯ ಸದ್ದು ಮರಳುತ್ತದೆ. ಬ್ಯಾಟರಿಯದಾದರೆ ಚಾರ್ಜ್ ನೋಡಿ. ಗಾಳಿ ಪೈಪಿನ ಸಂದಿಯಲ್ಲಿ ಗಾಳಿ ಸೋರುತ್ತಿದೆಯೇ ಎಂದು ಕೈ ಹಿಡಿದರೇ ತಿಳಿಯುತ್ತದೆ. ಹೊಗೆ ಕೊಳವೆ ಇದ್ದರೆ ಅದರ ಮಸಿ ಕೆಡವಬೇಕು. 1980ರ ದಶಕದಲ್ಲಿ ಇದೇ ಸಂಸ್ಥೆಯಿಂದ ಬಂದ, ಸೌದೆಯ ಅಸ್ತ್ರ ಒಲೆಗೂ ಈ ನೇಮ ತಪ್ಪಿದ್ದಲ್ಲ. ಕೊಳವೆ ಗುಡಿಸಿದ ಮನೆಯಲ್ಲಿ ಮಾತ್ರ ಅದು ಹೊಗೆಯಿಲ್ಲದ ಒಲೆ.

ಇದೆಲ್ಲಕ್ಕೂ ದಿನಕ್ಕೆ ಹತ್ತು ಹದಿನೈದು ನಿಮಿಷ. ಲಾಭ ಎಷ್ಟು? ಒಂದು ಕಿಲೋ ಗ್ಯಾಸಿನ ಕಾವು 11,000 ಕಿಲೋ ಕ್ಯಾಲೊರಿಯ ಆಸುಪಾಸು, ಪೆಲೆಟ್ಟಿನದು 4,000ದ ಆಸುಪಾಸು. 19 ಕಿಲೋ ಸಿಲಿಂಡರಿಗೆ ಕಾಗದದ ಮೇಲೆ ಸುಮಾರು 52 ಕಿಲೋ ಪೆಲೆಟ್ ಸಮ. ಒಲೆಯಲ್ಲಿ ಕಾವು ಸೋರುವುದರಿಂದ ನಿಜದಲ್ಲಿ ಇನ್ನೂ ಹೆಚ್ಚೇ ಬೇಕು. ಹೊಗೆಯಾಡುವ ಒಲೆಗೆ ಅದಕ್ಕೂ ಮೇಲೆ. ನಿಮ್ಮೂರಿನ ದರ ಹಾಕಿ ಗುಣಿಸಿ ನೋಡಿ. ಬೂದಿ ತೆಗೆಯಲು ಹುಡುಗನಿಗೆ ಅರ್ಧ ಗಂಟೆ ಮುಂಚೆ ಬಾ ಎಂದು, ಅದಕ್ಕೆ ಬೇರೆ ಕಾಸು ಕೊಟ್ಟರೂ ಯಜಮಾನರಿಗೆ ನಷ್ಟವಿಲ್ಲ.

ಷಟರ್ ಎಳೆದ ಮೇಲೆ

ರಾತ್ರಿ ಹತ್ತಕ್ಕೆ ಕಡೇ ಬಸ್ಸು ಹೋದ ಮೇಲೆ ಹೋಟೆಲಿನೊಳಗೇ ಮಲಗುವ ಹುಡುಗರಿದ್ದಾರೆ. ಒಲೆ ಆರಿದಂತೆ ಕಾಣುತ್ತದೆ, ಫ್ಯಾನು ನಿಂತಿದೆ, ಬೂದಿಯಡಿ ಕೆಂಡ ಮಾತ್ರ ಇನ್ನೂ ಜೀವಂತ. ಗಾಳಿ ಸಾಲದ ಕೆಂಡ ಬಿಡುವುದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಂತಿ, ಮಂಪರು, ಮಲಗಿದ್ದವನಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಚಳಿಗೆ ಕೆಂಡ ಇಟ್ಟುಕೊಂಡು ಬಾಗಿಲು ಮುಚ್ಚಿ ಮಲಗಿದವರು ಬೆಳಿಗ್ಗೆ ಏಳದ ಸುದ್ದಿಯನ್ನು ಓದುಗರು ಪತ್ರಿಕೆಗಳಲ್ಲಿ ನೋಡಿಯೇ ಇರುತ್ತಾರೆ. ಷಟರ್ ಎಳೆದ ಹೋಟೆಲು ಅದಕ್ಕಿಂತ ಬೇರೆಯಲ್ಲ.

ಪೆಲೆಟ್ ಪೂರ್ತಿ ಸುಟ್ಟು ಮುಗಿಯುವವರೆಗೆ ಫ್ಯಾನು ನಿಲ್ಲಿಸಬಾರದು. ಉಳಿದ ಕೆಂಡವನ್ನು ಉದ್ದ ಹಿಡಿಯ ಚಿಮಟದಿಂದ ಮುಚ್ಚಳವಿರುವ ಕಬ್ಬಿಣದ ಡಬ್ಬಕ್ಕೆ ಹಾಕಿ, ಡಬ್ಬವನ್ನು ಹೊರಗಿಡಬೇಕು. ಪ್ಲಾಸ್ಟಿಕ್ ಬಕೆಟ್ಟಿಗೂ ಬೇಡ, ಬೀದಿಯ ಕಸದ ರಾಶಿಗೂ ಬೇಡ. ಬೂದಿ ಇಡೀ ಒಂದು ದಿನ ಆರಲಿ. ಹುಡುಗರಿಗೆ ಮಲಗಲು ಒಲೆಯಿಲ್ಲದ ಬೇರೆ ಜಾಗ ಕೊಡಬೇಕು. ಅದು ಸಿಗುವವರೆಗೆ ಅಡುಗೆಮನೆಯ ಕಿಟಕಿಗೆ ಹೊಡೆದ ರಟ್ಟನ್ನು ಇವತ್ತು ರಾತ್ರಿಯೇ ಕಿತ್ತು ಹಾಕಲಿ.