ಫಾರ್ವರ್ಡ್ ಬಂತೇ? ತಾರೀಖು ನೋಡಿ, ಆಮೇಲೆ ದೊಡ್ಡಪ್ಪನಿಗೆ ಹೇಳಿ

2018ರಲ್ಲಿ ಕರ್ನಾಟಕದ ಮನೆಮನೆಯ ಮೊಬೈಲಿಗೂ ಬಂದ ಒಂದು ವಿಡಿಯೊ ಹಲವರಿಗೆ ಈಗಲೂ ನೆನಪಿರಬಹುದು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ವಿಡಿಯೊ ಅಲ್ಲಿಗೇ ಮುಗಿಯುತ್ತದೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ತಯಾರಾದ ಕಿರುಚಿತ್ರ. ಮೂಲದಲ್ಲಿ ಆ ಇಬ್ಬರೂ ವಾಪಸ್ ಬಂದು ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕವೊಂದನ್ನು ಹಿಡಿದು ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ, ‘ನಮ್ಮೂರಿಗೆ ಮಕ್ಕಳ ಕಳ್ಳರು ಬಂದಿದ್ದಾರೆ’ ಎಂದು ಬರೆದು ಹರಿಬಿಟ್ಟರು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನನ್ನು ಜನರೇ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಇದೇ ಅನುಮಾನಕ್ಕೆ ಬಲಿಯಾದರು. ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣ.

ಅದಾದ ಮೇಲೆ ವಾಟ್ಸ್‌ಆ್ಯಪ್ ತನ್ನ ಒಳಗೆ ಕೆಲವು ತಡೆಗಳನ್ನು ಹಾಕಿತು. 2018ರ ಜುಲೈನಿಂದ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡುವಂತಿಲ್ಲ. ಫಾರ್ವರ್ಡ್ ಆದ ಸಂದೇಶದ ಮೇಲೆ ಬಾಣದ ಗುರುತು ಇರುತ್ತದೆ. ಜೋಡಿ ಬಾಣ ಕಂಡರೆ ಅದು ಮೊದಲು ಕಳಿಸಿದವರಿಂದ ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದು ಅರ್ಥ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದು. ಸಂದೇಶದೊಳಗೆ ಏನಿದೆ ಎಂಬುದು ಕಂಪನಿಗೂ ಕಾಣುವುದಿಲ್ಲ, ಎಷ್ಟು ಕೈ ದಾಟಿದೆ ಎಂಬ ಎಣಿಕೆ ಮಾತ್ರ ಸಂದೇಶದ ಜೊತೆಗೇ ಸಾಗುತ್ತದೆ. ಹಾಗಾಗಿ ಜೋಡಿ ಬಾಣ ಎಂದರೆ ಸುಳ್ಳು ಎಂದಲ್ಲ. ನಿಮಗೆ ಕಳಿಸಿದವರು ಅದನ್ನು ಬರೆದವರಲ್ಲ, ಬರೆದವರು ಯಾರೋ ಅವರಿಗೂ ಗೊತ್ತಿರಲಿಕ್ಕಿಲ್ಲ ಎಂದಷ್ಟೇ. ಬಾಣ ಇಲ್ಲದಿದ್ದರೆ ನಂಬಬಹುದು ಎಂದುಕೊಳ್ಳುವುದೂ ತಪ್ಪು. ಕಾಪಿ ಮಾಡಿ ಅಂಟಿಸಿದರೆ, ವಿಡಿಯೊವನ್ನು ಉಳಿಸಿಕೊಂಡು ಹೊಸದಾಗಿ ಹಾಕಿದರೆ ಎಣಿಕೆ ಅಳಿಸಿಹೋಗುತ್ತದೆ.

ಹೊಸದಾಗಿ ಹೆಣೆದ ಸುಳ್ಳಿಗಿಂತ ಹೆಚ್ಚು ಅಪಾಯ ಮಾಡುವುದು ಹಳೆಯ ನಿಜ. ಬೇರೆ ಊರಿನ ಘಟನೆ, ಬೇರೆ ವರ್ಷದ ಮಳೆ ಇವತ್ತಿನದೆಂಬಂತೆ ಬಂದು ನಿಲ್ಲುತ್ತದೆ. ಆದ್ದರಿಂದ ‘ಇದು ನಿಜವೇ?’ ಎಂದು ಕೇಳುವುದಕ್ಕಿಂತ ‘ಇದು ಎಲ್ಲಿಯದು, ಯಾವತ್ತಿನದು?’ ಎಂದು ಕೇಳಿದರೆ ಉತ್ತರ ಬೇಗ ಸಿಗುತ್ತದೆ. ‘ಈಗಷ್ಟೇ ಬಂದ ಸುದ್ದಿ’, ‘ನಾಳೆಯಿಂದ ಜಾರಿ’ ಎಂದಿದ್ದು ತಾರೀಖು ಇಲ್ಲದ ಸಂದೇಶ ಯಾವ ವರ್ಷಕ್ಕೂ ಹೊಂದುತ್ತದೆ. ಮೂರನೇ ಟಿಕ್ ಕೆಂಪಾದರೆ ಸರ್ಕಾರ ನಿಮ್ಮ ಮೇಲೆ ಕ್ರಮ ಕೈಗೊಂಡಿದೆ ಎನ್ನುವ ಸಂದೇಶ ಮತ್ತೆ ಮತ್ತೆ ತಿರುಗಿ ಬರುವುದು ಇದೇ ಕಾರಣಕ್ಕೆ. ವಾಟ್ಸ್‌ಆ್ಯಪ್‌ನಲ್ಲಿ ಮೂರನೇ ಟಿಕ್ ಎಂಬುದೇ ಇಲ್ಲ.

ಮಳೆಗಾಲದ ಒಂದು ಉದಾಹರಣೆ ನೋಡೋಣ. ಅಣೆಕಟ್ಟಿನ ಗೇಟುಗಳಿಂದ ನೀರು ಧುಮುಕುವ ವಿಡಿಯೊ, ಕೆಳಗೆ ‘ಕೆಆರ್‌ಎಸ್ ಗೇಟ್ ಓಪನ್, ನದಿ ಪಾತ್ರದವರು ಕೂಡಲೇ ಜಾಗ ಖಾಲಿ ಮಾಡಿ’ ಎಂಬ ಬರಹ. ಪರೀಕ್ಷೆಗೆ ದೂರ ಹೋಗಬೇಕಿಲ್ಲ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ. ಇಂದಿನ ಮಟ್ಟ, ಒಳಹರಿವು, ಹೊರಹರಿವು ಎಷ್ಟೆಂಬುದನ್ನು ಮಳೆಗಾಲದಲ್ಲಿ ಕನ್ನಡ ಪತ್ರಿಕೆಗಳು ನಿತ್ಯ ಹಾಕುತ್ತವೆ. ಮಟ್ಟ ತೊಂಬತ್ತು ಅಡಿಯ ಆಸುಪಾಸಿನಲ್ಲಿದ್ದರೆ ಪ್ರವಾಹದ ನೀರು ಬಿಡುವ ಪ್ರಮೇಯವೇ ಬರುವುದಿಲ್ಲ. ಇನ್ನೂ ಅನುಮಾನವಿದ್ದರೆ ವಿಡಿಯೊವನ್ನು ಒಂದು ಕಡೆ ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಅದೇ ಚಿತ್ರ ಹಿಂದೆ ಎಲ್ಲಾದರೂ ಬಂದಿದ್ದರೆ ಬಹುಮಟ್ಟಿಗೆ ಸಿಕ್ಕಿಬಿಡುತ್ತದೆ. ಸಿಗದಿದ್ದರೆ ಹೊಸದೆಂದು ತೀರ್ಮಾನಿಸಬೇಡಿ, ಗೊತ್ತಾಗಲಿಲ್ಲ ಎಂದಿಟ್ಟುಕೊಳ್ಳಿ. ಸರ್ಕಾರದ ಆದೇಶ ಎಂದು ಬಂದದ್ದಾದರೆ ಆಯಾ ಇಲಾಖೆಯ ಜಾಲತಾಣವನ್ನೇ ನೋಡುವುದು ಒಳ್ಳೆಯದು. ಕೇಂದ್ರ ಸರ್ಕಾರಕ್ಕೆ ಸಂಬಂಧಿಸಿದ ವದಂತಿಗಳನ್ನು ಪರಿಶೀಲಿಸಲು ಪಿಐಬಿ ಫ್ಯಾಕ್ಟ್ ಚೆಕ್ ಎಂಬ ವಿಭಾಗವೂ ಇದೆ.

ಇಷ್ಟು ಐದು ನಿಮಿಷದ ಕೆಲಸ. ಕಷ್ಟದ ಕೆಲಸ ಇದರ ನಂತರ ಶುರುವಾಗುತ್ತದೆ. ಆ ವಿಡಿಯೊ ಹಾಕಿದವರು ದೊಡ್ಡಪ್ಪ. ಗ್ರೂಪಿನಲ್ಲಿ ಸೊಸೆಯಂದಿರಿದ್ದಾರೆ, ಬೀಗರಿದ್ದಾರೆ, ಮೊಮ್ಮಕ್ಕಳಿದ್ದಾರೆ. ಅವರೆಲ್ಲರ ಎದುರು ‘ಇದು ಫೇಕ್’ ಎಂದು ಎರಡೇ ಪದದಲ್ಲಿ ಬರೆದರೆ ನೀವು ಹೇಳಿದ್ದು ಸರಿಯಾಗಿದ್ದರೂ ಮಾತು ಅಲ್ಲಿಗೆ ಕೆಡುತ್ತದೆ. ದೊಡ್ಡಪ್ಪ ಕಳಿಸಿದ್ದು ತಮ್ಮವರು ಸುರಕ್ಷಿತವಾಗಿರಲಿ ಎಂಬ ಕಾಳಜಿಯಿಂದ. ಎಲ್ಲರೆದುರು ಮುಖಭಂಗವಾದರೆ ಅವರು ತಾವು ಹೇಳಿದ್ದನ್ನೇ ಸಾಧಿಸಲು ನಿಲ್ಲುತ್ತಾರೆ, ಇಲ್ಲವೇ ಗ್ರೂಪಿನಲ್ಲಿ ಮಾತನ್ನೇ ಬಿಡುತ್ತಾರೆ. ಎರಡೂ ಮನೆಗೆ ನಷ್ಟ.

ಮೊದಲು ಫೋನ್ ಮಾಡಿ, ಇಲ್ಲವೇ ಅವರೊಬ್ಬರಿಗೇ ಹೀಗೆ ಬರೆಯಿರಿ: ‘ದೊಡ್ಡಪ್ಪ, ನೀವು ಬೆಳಗ್ಗೆ ಹಾಕಿದ ವಿಡಿಯೊ ನೋಡಿ ನಂಗೂ ಗಾಬರಿ ಆಯ್ತು. ಪೇಪರ್ ನೋಡ್ದೆ, ಡ್ಯಾಮ್ ಮಟ್ಟ ಇವತ್ತು 92 ಅಡಿ ಅಂತಿದೆ. ವಿಡಿಯೊ ಹಳೇದು ಅನ್ಸತ್ತೆ. ಶ್ರೀರಂಗಪಟ್ಟಣದ ಅತ್ತೆ ಹೆದ್ರಿಕೊಂಡಿದಾರೆ, ನೀವೇ ಗ್ರೂಪಲ್ಲಿ ಒಂದ್ಮಾತು ಹಾಕ್ಬಿಡಿ.’ ಕಾಳಜಿಯನ್ನು ಒಪ್ಪಿಕೊಂಡು, ಆಧಾರ ತೋರಿಸಿ, ತಿದ್ದುವ ಅವಕಾಶವನ್ನು ಅವರಿಗೇ ಬಿಟ್ಟುಕೊಡುವ ಮಾತಿದು. ಹಿರಿಯರೇ ‘ಹಳೇ ವಿಡಿಯೊ ಅಂತೆ, ಯಾರೂ ಹೆದರಬೇಡಿ’ ಎಂದರೆ ಇಡೀ ಗ್ರೂಪು ಕೇಳುತ್ತದೆ. ನಾವು ನೀವು ಹೇಳಿದರೆ ಅಷ್ಟು ನಡೆಯುವುದಿಲ್ಲ.

ಹಾಕಿದ ಸಂದೇಶವನ್ನು ಎಲ್ಲರಿಗೂ ಕಾಣದಂತೆ ಅಳಿಸಲು ಸುಮಾರು ಎರಡೂವರೆ ದಿನ ಸಮಯವಿರುತ್ತದೆ. ಗ್ರೂಪಿನ ಅಡ್ಮಿನ್ ಕೂಡ ಬೇರೆಯವರ ಸಂದೇಶ ಅಳಿಸಬಹುದು, ಆದರೆ ಹೇಳದೆ ಅಳಿಸುವುದೂ ಅವಮಾನವೇ. ಸದಸ್ಯರು ಏನೇ ಹಾಕಿದರೂ ಅಡ್ಮಿನ್ ಜೈಲಿಗೆ ಹೋಗುತ್ತಾರೆ ಎಂಬ ಭಯ ಹಲವರಿಗಿದೆ. ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಬೇರೆಯವರ ಪೋಸ್ಟಿಗೆ ಹೊಣೆಯಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ.

ದಿನಚರಿಯಲ್ಲಿ ಒಂದು ಬದಲಾವಣೆ ಮಾಡಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಬೆಳಗ್ಗೆ ಬಂದ ಸುದ್ದಿಯನ್ನು ಸಂಜೆ ಕಳಿಸಿ. ಅಷ್ಟರಲ್ಲಿ ಪತ್ರಿಕೆ ಓದಿ, ಟಿವಿ ನೋಡಿ ಆಗಿರುತ್ತದೆ. ನಿಜವಾಗಿದ್ದರೆ ಸಂಜೆಗೂ ನಿಜವೇ.

ಆದರೆ ಸಂಕೋಚ, ಸಾವಧಾನ ಎರಡನ್ನೂ ಬಿಡಬೇಕಾದ ಸಂದರ್ಭ ಒಂದಿದೆ. ಸಂದೇಶದಲ್ಲಿ ಯಾರದೋ ಫೋಟೊ, ಗಾಡಿ ನಂಬರು, ಜಾತಿ, ಧರ್ಮ, ಊರು ಹೇಳಿ ‘ಕಂಡರೆ ಬಿಡಬೇಡಿ’ ಎಂದಿದ್ದರೆ ಖಾಸಗಿಯಾಗಿ ಹೇಳುತ್ತಾ ಕೂರಬೇಡಿ. 2012ರ ಆಗಸ್ಟ್‌ನಲ್ಲಿ ಇಂಥ ಎಸ್‌ಎಂಎಸ್‌ಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದ್ದರು. ಕಳಿಸಿದವರು ಎಷ್ಟೇ ಹಿರಿಯರಾಗಿರಲಿ, ಗ್ರೂಪಿನಲ್ಲೇ ‘ಇದನ್ನು ಯಾರೂ ಮುಂದೆ ಕಳಿಸಬೇಡಿ’ ಎಂದು ಬರೆಯಿರಿ. ನಿಮ್ಮ ಬೀದಿಯಲ್ಲಿ ಜನ ಸೇರುತ್ತಿರುವುದು ಕಂಡರೆ ತಡಮಾಡದೆ 112ಕ್ಕೆ ಕರೆ ಮಾಡಿ.