ಕೊಂಡಿ ಗಟ್ಟಿಯಿದ್ರೆ ಸಾಲದು: ಪಿಕಪ್, ಟ್ರ್ಯಾಕ್ಟರ್ ಹಿಂದೆ ಭಾರ ಎಳೆಯೋ ಮುಂಚೆ

ಸರ್ಜಾಪುರ ಸುತ್ತಮುತ್ತ ಈಗ ಟ್ರ್ಯಾಕ್ಟರ್ ಉಳುಮೆಗಿಂತ ರಸ್ತೆ ಮೇಲೇ ಜಾಸ್ತಿ ಓಡುತ್ತೆ. ಬೆಳಿಗ್ಗೆ ನೀರಿನ ಟ್ಯಾಂಕರ್, ಮಧ್ಯಾಹ್ನ ಲೇಔಟ್‌ಗೆ ಕಂಪ್ರೆಸರ್, ಸಂಜೆ ಜಲ್ಲಿ. ಪಿಕಪ್ ಇರೋ ಹುಡುಗರೂ ಹಿಂದೆ ಒಂದು ಕೊಂಡಿ ಬೆಸುಗೆ ಹಾಕಿಸಿ ಮಿಕ್ಸರ್, ಜನರೇಟರ್, ಸ್ಪ್ರೇಯರ್ ಎಳೆಯೋಕೆ ಶುರು ಮಾಡಿದ್ದಾರೆ. ಕೆಲಸ ಸಿಗ್ತಿದೆ, ಬೇಡ ಅನ್ನೋದಿಲ್ಲ. ಆದ್ರೆ ದೊಮ್ಮಸಂದ್ರ ಕಡೆಯ ರಸ್ತೆಯಲ್ಲಿ ನಮ್ಮ ಹಿಂದೆ ಬರೋದು ಸ್ಕೂಟರ್, ಶಾಲಾ ವ್ಯಾನ್, ಕಂಪನಿ ಬಸ್. ಹೊಲದಲ್ಲಿ ಟ್ರೈಲರ್ ಕಳಚಿದ್ರೆ ನಗಬಹುದು, ಅಲ್ಲಿ ಆಗಲ್ಲ.

ನನ್ನದೇ ತಪ್ಪೊಂದು ಹೇಳ್ತೀನಿ. ಪಿನ್ ಕಳೆದುಹೋಗಿತ್ತು ಅಂತ ಒಂದು ದಪ್ಪ ಬೋಲ್ಟ್ ತೂರಿಸಿ ಟ್ರೈಲರ್ ಸಿಕ್ಕಿಸಿಕೊಂಡು ಹೊರಟೆ. ಹತ್ತು ದಿನ ಏನೂ ಆಗಲಿಲ್ಲ. ಹನ್ನೊಂದನೇ ದಿನ ಹಂಪ್ ಹಾರಿಸಿದಾಗ ಬೋಲ್ಟ್ ತುಂಡಾಗಿ ಮೂಕಿ ರಸ್ತೆಗೆ ಕುಟ್ಟಿ ಟ್ರೈಲರ್ ಅಡ್ಡ ತಿರುಗಿತು. ಹಿಂದೆ ಸ್ಕೂಟರ್‌ನಲ್ಲಿ ಒಬ್ಬ ತಾಯಿ, ಮಗು. ಒಂದು ಮಾರು ದೂರದಲ್ಲಿ ನಿಲ್ಲಿಸಿಕೊಂಡರು. ಆಯಮ್ಮ ಬೈಯಲೂ ಇಲ್ಲ, ಸುಮ್ಮನೆ ನನ್ನ ಮುಖ ನೋಡಿ ಹೋದರು. ಆವತ್ತಿಂದ ಸರಿಯಾದ ಪಿನ್, ಅದರ ಕೆಳಗೆ ಲಾಕ್ ಕ್ಲಿಪ್, ಜೊತೆಗೆ ಎರಡು ಸರಪಳಿ ಇಲ್ಲದೆ ಗೇಟ್ ದಾಟಿಲ್ಲ.

ಸರಪಳಿ ಯಾಕೆ ಅಂದ್ರೆ, ಪಿನ್ ಹೋದ್ರೂ ಟ್ರೈಲರ್ ಬಿಟ್ಟು ಹೋಗಬಾರದು. ಮೂಕಿಯ ಕೆಳಗೆ ಎರಡನ್ನೂ ಗುಣಾಕಾರದ ಚಿಹ್ನೆ ಥರ ಅಡ್ಡಡ್ಡ ಹಾಕಿ. ಆಗ ಮೂಕಿ ಕಳಚಿದ್ರೂ ಸರಪಳಿ ಮೇಲೆ ಕೂರುತ್ತೆ, ರಸ್ತೆಗೆ ನಾಟಲ್ಲ. ತಿರುವಿನಲ್ಲಿ ಬಿಗಿಯಾಗದಷ್ಟು ಸಡಿಲ ಇರಲಿ, ನೆಲಕ್ಕೆ ಉಜ್ಜುವಷ್ಟು ಬೇಡ.

ಇನ್ನು ಭಾರ ಹಾಕೋ ವಿಷಯ. ಇದನ್ನ ನಮ್ಮ ತಾತಂದಿರು ಎತ್ತಿನ ಗಾಡಿಯಲ್ಲೇ ಕಲಿತಿದ್ರು. ಗಾಡಿ ಮುಂಭಾರ ಆದ್ರೆ ಎತ್ತಿನ ಹೆಗಲು ಕುಸಿಯುತ್ತೆ, ಹಿಂಭಾರ ಆದ್ರೆ ಮೂಕಿ ಮೇಲೆದ್ದು ಕೊರಳಿನ ಹಗ್ಗ ಬಿಗಿಯುತ್ತೆ. ಎರಡು ಚಕ್ರದ ಟ್ರೈಲರ್‌ಗೂ ಅದೇ ಲೆಕ್ಕ. ಹಿಂಭಾರ ಆದ್ರೆ ಪಿಕಪ್‌ನ ಹಿಂದಿನ ಚಕ್ರದ ಹಿಡಿತ ಹೋಗಿ ಟ್ರೈಲರ್ ಹಾವಿನ ಹಾಗೆ ಅತ್ತಿತ್ತ ಹೊಯ್ದಾಡುತ್ತೆ. ಮುಂಭಾರ ಅತಿಯಾದ್ರೆ ಪಿಕಪ್‌ನ ಮೂತಿ ಎದ್ದು ಸ್ಟೀರಿಂಗ್ ಹಗುರ ಆಗುತ್ತೆ. ಪಿಕಪ್ ಕೊಂಡಿಗೆ ಸಾಮಾನ್ಯವಾಗಿ ಹೇಳೋ ಅಳತೆ: ಟ್ರೈಲರ್‌ನ ಒಟ್ಟು ತೂಕದ 10ರಿಂದ 15 ಭಾಗ ಶೇಕಡಾ ಕೊಂಡಿ ಮೇಲೆ ಕೂರಬೇಕು. 1,000 ಕೆಜಿ ಟ್ರೈಲರ್ ಅಂದ್ರೆ 100ರಿಂದ 150 ಕೆಜಿ.

ಅಂದಾಜು ಬೇಡ, ಅಳೀಬಹುದು. ವೇಬ್ರಿಡ್ಜ್‌ಗೆ ಹೋಗಿ. ಮೊದಲು ಟ್ರೈಲರ್ ಕಳಚಿ, ಮೂಕಿಗೆ ಜಾಕ್ ಕೊಟ್ಟು, ಪೂರ್ತಿ ಟ್ರೈಲರ್ ತೂಗಿ. ಆಮೇಲೆ ಸಿಕ್ಕಿಸಿ, ಪಿಕಪ್ ಹೊರಗೆ ನಿಲ್ಲಿಸಿ, ಟ್ರೈಲರ್ ಚಕ್ರ ಮಾತ್ರ ಪ್ಲಾಟ್‌ಫಾರ್ಮ್ ಮೇಲೆ ಇರೋ ಹಾಗೆ ತೂಗಿ. ಮೊದಲನೇದು 1,000, ಎರಡನೇದು 880 ಬಂದ್ರೆ ಕೊಂಡಿ ಮೇಲಿರೋದು 120 ಕೆಜಿ. ಈ 120 ಕೂಡ ನಿಮ್ಮ ಪಿಕಪ್ ಹೊರೋ ಲೋಡ್‌ನಲ್ಲೇ ಸೇರುತ್ತೆ, ನೆನಪಿರಲಿ. ನಾಲ್ಕು ಚಕ್ರದ ಟ್ರೈಲರ್‌ಗೆ ಈ ಲೆಕ್ಕ ಅನ್ವಯಿಸಲ್ಲ, ಅದರ ಭಾರ ಅದರ ಚಕ್ರಗಳ ಮೇಲೇ ಇರುತ್ತೆ.

ಪಿಕಪ್‌ನವರು ಇನ್ನೂ ಎರಡು ನೋಡಿ. ಕೊಂಡಿ ಬಂಪರ್‌ಗೆ ಅಲ್ಲ, ಚಾಸಿಗೆ ಬೋಲ್ಟ್ ಆಗಿರಬೇಕು. ಬಂಪರ್ ಇರೋದು ಗುದ್ದಿಸಿಕೊಳ್ಳೋಕೆ, ಎಳೆಯೋಕಲ್ಲ. ಗಾಡಿಯ ಮ್ಯಾನುಯಲ್‌ನಲ್ಲಿ ಎಷ್ಟು ಎಳೀಬಹುದು ಅಂತ ಬರೆದಿಲ್ಲ ಅಂದ್ರೆ ಕಂಪನಿ ಸರ್ವಿಸ್‌ನಲ್ಲಿ ಕೇಳಿ, ವೆಲ್ಡಿಂಗ್ ಅಂಗಡಿಯವರನ್ನಲ್ಲ. ಗುಂಡು ಕೊಂಡಿ ಆದ್ರೆ ಗುಂಡಿನ ಅಳತೆ, ಮೇಲೆ ಕೂರೋ ಬಟ್ಟಲಿನ ಅಳತೆ ಒಂದೇ ಇರಬೇಕು. ಲಾಕ್ ಆಗಿದೆಯಾ ಅಂತ ನೋಡೋಕೆ ಮೂಕಿಯನ್ನ ಜಾಕ್‌ನಿಂದ ಎತ್ತಿ. ಪಿಕಪ್ ಹಿಂಭಾಗವೂ ಜೊತೆಗೆ ಎದ್ರೆ ಸರಿ, ಮೂಕಿ ಒಂದೇ ಎದ್ರೆ ಕೂತಿಲ್ಲ.

ಟ್ರ್ಯಾಕ್ಟರ್‌ನವರಿಗೆ ಒಂದೇ ಮಾತು: ಎಳೆಯೋದು ಕೆಳಗಿನ ಹಿಚ್‌ನಿಂದ ಮಾತ್ರ. ಟಾಪ್ ಲಿಂಕ್ ಪಾಯಿಂಟ್‌ಗೋ ಆಕ್ಸಲ್‌ಗೋ ಸರಪಳಿ ಕಟ್ಟಿ ಎಳೆದ್ರೆ ಮುಂದಿನ ಚಕ್ರ ಎದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತೆ. ಜಿಗಿಯೋಕೂ ಟೈಮ್ ಸಿಗಲ್ಲ. ಮತ್ತೆ ರಸ್ತೆಗೆ ಬರೋ ಮುಂಚೆ ಎಡ, ಬಲ ಬ್ರೇಕ್ ಪೆಡಲ್ ಎರಡನ್ನೂ ಲಾಕ್ ಮಾಡಿ. ಹೊಲದಲ್ಲಿ ಬಿಡಿಸಿದ್ದು ಹಾಗೇ ಉಳಿದ್ರೆ, ಜೋರಾಗಿ ತುಳಿದಾಗ ಒಂದೇ ಕಡೆ ಹಿಡಿದು ಗಾಡಿ ತಿರುಗುತ್ತೆ.

ಬ್ರೇಕ್ ಮಾತು ಬಂತಲ್ಲ. ಒಂದು ಲೀಟರ್ ನೀರು ಒಂದು ಕೆಜಿ, 5,000 ಲೀಟರ್ ಟ್ಯಾಂಕರ್ ಅಂದ್ರೆ ನೀರೇ ಐದು ಟನ್. ಎಳೆಯೋ ಟ್ರ್ಯಾಕ್ಟರ್ ಸುಮಾರು ಎರಡು ಟನ್. ನಮ್ಮ ಬಹುತೇಕ ಟ್ರೈಲರ್‌ಗಳಿಗೆ ಬ್ರೇಕೇ ಇಲ್ಲ. ಯುರೋಪಿನಲ್ಲಿ 750 ಕೆಜಿ ಮೀರಿದ ಟ್ರೈಲರ್‌ಗೆ ಬ್ರೇಕ್ ಇರಲೇಬೇಕು. ನಾವಿಲ್ಲಿ ಐದು ಟನ್ ತಳ್ಳುತ್ತಿರುವಾಗ ಎರಡು ಟನ್ನಿನ ಬ್ರೇಕ್ ತುಳಿದು ದೇವರ ಮೇಲೆ ಭಾರ ಹಾಕ್ತೀವಿ. ಟ್ಯಾಂಕ್ ಅರ್ಧ ತುಂಬಿದ್ರೆ ಇನ್ನೂ ಕಷ್ಟ, ನೀರು ಕುಲುಕಿ ತಿರುವಿನಲ್ಲಿ ಗಾಡಿಯನ್ನೇ ಎಳೆದು ಬಿಡುತ್ತೆ. ಒಳಗೆ ಅಡ್ಡ ತಗಡು ಇರೋ ಟ್ಯಾಂಕೇ ತಗೊಳ್ಳಿ.

ಹಾಗಾಗಿ ವೇಗ ಕಡಿಮೆ ಮಾಡೋದೊಂದೇ ದಾರಿ. ವೇಗ ಎರಡು ಪಟ್ಟು ಆದ್ರೆ ಬ್ರೇಕ್ ತುಳಿದ ಮೇಲೆ ನಿಲ್ಲೋಕೆ ಬೇಕಾದ ದೂರ ನಾಲ್ಕು ಪಟ್ಟು. ಇಳಿಜಾರಿನಲ್ಲಿ ಡೀಸೆಲ್ ಉಳಿಸೋಕೆ ಅಂತ ನ್ಯೂಟ್ರಲ್ ಮಾಡ್ಲೇಬೇಡಿ. ಯಾವ ಗೇರ್‌ನಲ್ಲಿ ಹತ್ತಬೇಕೋ ಅದೇ ಗೇರ್‌ನಲ್ಲಿ ಇಳೀರಿ. ಪಿಕಪ್ ಹಿಂದೆ ಟ್ರೈಲರ್ ಹೊಯ್ದಾಡೋಕೆ ಶುರುವಾದ್ರೆ ಬ್ರೇಕ್ ಗುದ್ದಬೇಡಿ, ಸ್ಟೀರಿಂಗ್ ಎಳೆದಾಡಬೇಡಿ. ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಡಿ, ತಾನೇ ಸುಧಾರಿಸುತ್ತೆ. ಆಮೇಲೆ ಪಕ್ಕಕ್ಕೆ ನಿಲ್ಲಿಸಿ ಭಾರ ಮುಂದಕ್ಕೆ ಸರಿಸಿ.

ಕಾಗದದ ವಿಷಯ ಚಿಕ್ಕದಾಗಿ. ಟ್ರೈಲರ್‌ಗೂ ಬೇರೆ ನೋಂದಣಿ ಬೇಕು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಓವರ್‌ಲೋಡ್‌ಗೆ 20,000 ರೂಪಾಯಿ, ಜೊತೆಗೆ ಹೆಚ್ಚಾದ ಪ್ರತಿ ಟನ್‌ಗೆ 2,000. ಕೃಷಿಗೆ ಅಂತ ವಿಮೆ ಮಾಡಿಸಿದ ಟ್ರ್ಯಾಕ್ಟರ್ ಬಾಡಿಗೆ ಟ್ಯಾಂಕರ್ ಎಳೆಯುವಾಗ ಅಪಘಾತ ಆದ್ರೆ ಕ್ಲೇಮ್‌ಗೆ ತಕರಾರು ಬರುತ್ತೆ. ಪರಿಹಾರ ಕಟ್ಟೋಕೆ ಜಮೀನೇ ಮಾರಬೇಕಾದೀತು. ಟ್ರೈಲರ್‌ನಲ್ಲಿ ಕೂಲಿಯವರನ್ನ ಕೂರಿಸೋದೂ ಹಾಗೇ, ಬೇಡ. ಹಿಂದೆ ಕೆಂಪು, ಪಕ್ಕಕ್ಕೆ ಹಳದಿ ಪ್ರತಿಫಲಿಸೋ ಟೇಪ್ ಅಂಟಿಸಿ. ರಾತ್ರಿ ದೀಪವಿಲ್ಲದೆ ನಿಂತ ಟ್ರೈಲರ್ ಬೈಕಿನವನಿಗೆ ಕಾಣೋದು ಗುದ್ದಿದ ಮೇಲೆ.

ಹೊರಟು ಎರಡು ಮೂರು ಕಿಲೋಮೀಟರ್ ಆದಮೇಲೆ ಒಂದ್ಸಲ ನಿಲ್ಲಿಸಿ. ಪಿನ್, ಕ್ಲಿಪ್, ಸರಪಳಿ, ಕಟ್ಟಿದ ಹಗ್ಗ ಎಳೆದು ನೋಡಿ. ಚಕ್ರದ ಹಬ್ ಹತ್ತಿರ ಅಂಗೈ ತನ್ನಿ. ಒಂದು ಬೆಚ್ಚಗಿದ್ದು ಇನ್ನೊಂದು ಸುಡ್ತಿದ್ರೆ ಬೇರಿಂಗ್ ಹೋಗಿದೆ ಅಂತ ಅರ್ಥ, ಬಾಡಿಗೆ ಹೋದ್ರೆ ಹೋಗ್ಲಿ, ಅಲ್ಲಿಂದಲೇ ಮೆಕ್ಯಾನಿಕ್‌ಗೆ ಫೋನ್ ಮಾಡಿ.