ಯಜಮಾನರು ಕೆಲಸ ಬಿಡ್ತೀನಿ ಅಂದ್ರೆ...

'ಸಾಕಾಯ್ತು ಕಣೆ, ಈ ಕೆಲಸ ಬಿಟ್ಟು ನಮ್ಮದೇ ಏನಾದ್ರೂ ಶುರು ಮಾಡೋಣ.' ಭಾನುವಾರ ತಿಂಡಿ ತಿನ್ನುವಾಗ ಈ ಮಾತು ಎಷ್ಟು ಮನೆಗಳಲ್ಲಿ ಕೇಳಿಬರುತ್ತದೋ! ಸೋಮವಾರ ಅದೇ ಡಬ್ಬಿ ಹಿಡಿದು ಅದೇ ಆಫೀಸಿಗೆ ಹೊರಡುತ್ತಾರೆ. ಧೈರ್ಯವಿಲ್ಲ ಅಂತ ನಗಬೇಡಿ. ಎಷ್ಟೋ ಸಲ ಅವರನ್ನು ಕಟ್ಟಿಹಾಕಿರುವುದು ಸಂಬಳವಲ್ಲ, ಅದರ ಬಾಲ ಹಿಡಿದು ಬರುವ ಸವಲತ್ತುಗಳು.

ನಮ್ಮ ಪಕ್ಕದ ಮನೆಯಾಕೆಯ ಪತಿ ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಎರಡು ಲೇತ್ ಹಾಕಿ ಸ್ವಂತ ವರ್ಕ್‌ಶಾಪ್ ತೆರೆಯುವ ಆಸೆ. ಆರ್ಡರ್ ಕೊಡುವವರೂ ಇದ್ದಾರೆ. ಆದರೆ ಮನೆಯಲ್ಲಿ ಸಕ್ಕರೆ ಕಾಯಿಲೆಯ ಅತ್ತೆ. ಎರಡು ವರ್ಷದ ಹಿಂದೆ ಅವರಿಗೆ ಸ್ಟೆಂಟ್ ಹಾಕಿಸಿದ್ದು ಕಂಪೆನಿಯ ವಿಮೆಯಲ್ಲೇ. 'ಇವರು ಕೆಲಸ ಬಿಟ್ಟ ಮಾರನೇ ದಿನ ಅತ್ತೆಗೆ ಏನಾದ್ರೂ ಆದ್ರೆ ಯಾರ ಹತ್ರ ಕೈ ಚಾಚೋದು ರೀ?' ಅಂದಾಗ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ.

ಇದಕ್ಕೆ ಅಮೆರಿಕದ ಅರ್ಥಶಾಸ್ತ್ರಜ್ಞರು 'ಜಾಬ್ ಲಾಕ್' ಅಂತ ಹೆಸರಿಟ್ಟಿದ್ದಾರೆ. ಹೆಸರು ಅಲ್ಲಿಯದಾದರೂ ಬೀಗ ನಮ್ಮ ಮನೆಗಳಲ್ಲೂ ಇದೆ. ಇನ್‌ಫೊಸಿಸ್ ಶುರುವಾದ 1981ರಲ್ಲಿ ಸುಧಾ ಮೂರ್ತಿಯವರು ಪತಿಗೆ ಕೊಟ್ಟ 10,000 ರೂಪಾಯಿಯ ಕಥೆ ಎಲ್ಲರಿಗೂ ಗೊತ್ತು. ಆ ದಿನಗಳಲ್ಲಿ ಅವರು ಪುಣೆಯ ವಾಲ್‌ಚಂದ್ ಸಮೂಹದಲ್ಲಿ ಕೆಲಸ ಮಾಡಿ ಮನೆ ನಡೆಸಿದ್ದನ್ನು ಮಾತ್ರ ಯಾರೂ ಅಷ್ಟಾಗಿ ಹೇಳುವುದಿಲ್ಲ. ನನ್ನ ಕೇಳಿದರೆ ಆ ಸಂಬಳವೇ ದೊಡ್ಡ ಬಂಡವಾಳ. ನಿಮಗೂ ಉದ್ಯೋಗವಿದ್ದರೆ ಮನೆಯವರನ್ನು ನಿಮ್ಮ ಆಫೀಸಿನ ವಿಮೆಗೆ ಸೇರಿಸಬಹುದಾ ಅಂತ ಮೊದಲು ವಿಚಾರಿಸಿ.

ಇಲ್ಲದಿದ್ದರೆ? ರಾಜೀನಾಮೆಗೆ ಮೊದಲೇ, ಆದಷ್ಟು ಬೇಗ, ಸ್ವಂತ ಆರೋಗ್ಯ ವಿಮೆ ಮಾಡಿಸಿ. ಕಂಪೆನಿ ವಿಮೆಯಲ್ಲಿ ಹಳೆಯ ಕಾಯಿಲೆಗೂ ಸಾಮಾನ್ಯವಾಗಿ ಮೊದಲ ದಿನದಿಂದಲೇ ಹಣ ಸಿಗುತ್ತದೆ. ಸ್ವಂತ ಪಾಲಿಸಿಯಲ್ಲಿ ಅದಕ್ಕೆ ಕಾಯಬೇಕು. ಈ ಅವಧಿ 3 ವರ್ಷ ಮೀರಬಾರದೆಂದು 2024ರಲ್ಲಿ ನಿಯಮವಾಯಿತು. ಕಂಪೆನಿಯ ರಕ್ಷಣೆ ಇರುವಾಗಲೇ ಈ ಕಾಯುವಿಕೆ ಕಳೆದುಬಿಟ್ಟರೆ ಚೆನ್ನ ಅಲ್ವಾ? 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿನ ಶೇ 18 ಜಿಎಸ್‌ಟಿಯನ್ನೂ ತೆಗೆದಿದ್ದಾರೆ. ಆಫೀಸಿನ ಗುಂಪು ವಿಮೆಯಿಂದ ಅದೇ ವಿಮಾ ಸಂಸ್ಥೆಯ ಸ್ವಂತ ಪಾಲಿಸಿಗೆ ಬದಲಾಗುವ ಅವಕಾಶವೂ ಉಂಟು. ಆದರೆ ಅವರು ಆರೋಗ್ಯ ನೋಡಿಯೇ ತೀರ್ಮಾನಿಸುವುದರಿಂದ ಅದೊಂದನ್ನೇ ನಂಬಿ ಕೂರಬೇಡಿ. ಇರುವ ಕಾಯಿಲೆಯನ್ನಂತೂ ಖಂಡಿತ ಮುಚ್ಚಿಡಬೇಡಿ. ಆಸ್ಪತ್ರೆ ಬಿಲ್ ಕಟ್ಟುವ ಹೊತ್ತಿಗೆ ಅದು ಹೊರಬಿದ್ದೇ ಬೀಳುತ್ತೆ.

ಗ್ರಾಚ್ಯುಯಿಟಿ ಲೆಕ್ಕವನ್ನೂ ನೋಡಿ. ಕಾಯಂ ನೌಕರರು ಅದಕ್ಕೆ 5 ವರ್ಷ ತುಂಬಿಸಬೇಕು. ಕೊನೆಯ ಮೂಲವೇತನ, ತುಟ್ಟಿಭತ್ಯೆ ಸೇರಿ 26,000 ರೂಪಾಯಿ ಇದ್ದರೆ ವರ್ಷಕ್ಕೆ 15,000ದಂತೆ ಐದು ವರ್ಷಕ್ಕೆ 75,000. ಕೋಪದಲ್ಲಿ ನಾಲ್ಕು ತಿಂಗಳು ಮೊದಲೇ ಕಾಗದ ಕೊಟ್ಟರೆ ಅಷ್ಟೂ ಕೈ ತಪ್ಪಬಹುದು. ಹಾಗೆಯೇ ಪಿಎಫ್ ಜೊತೆಗಿನ ಪಿಂಚಣಿಗೆ ಒಟ್ಟು 10 ವರ್ಷದ ಸೇವೆ ಬೇಕು. ಕೆಲಸ ಬಿಟ್ಟ ಕೂಡಲೇ ಪಿಎಫ್ ಹಣ ತೆಗೆದು ಅಂಗಡಿಗೆ ಸುರಿಯುವ ಅಗತ್ಯವೂ ಇಲ್ಲ. ಅಲ್ಲೇ ಇದ್ದರೂ ಬಡ್ಡಿ ಬರುತ್ತದೆ. ಅಂದಹಾಗೆ, ಪಿಎಫ್ ಸದಸ್ಯರು ಸೇವೆಯಲ್ಲಿರುವಾಗ ತೀರಿಕೊಂಡರೆ ಕುಟುಂಬಕ್ಕೆ 7 ಲಕ್ಷದವರೆಗೆ ವಿಮೆ ಸಿಗುತ್ತದೆ. ನಮ್ಮಲ್ಲಿ ಎಷ್ಟೋ ಹೆಂಗಸರಿಗೆ ಇದು ಗೊತ್ತೇ ಇಲ್ಲ. ಕೆಲಸ ಬಿಟ್ಟ ಮೇಲೆ ಆ ರಕ್ಷಣೆ ಇರುವುದಿಲ್ಲವಾದ್ದರಿಂದ ಯಜಮಾನರ ಹೆಸರಲ್ಲಿ ಒಂದು ಟರ್ಮ್ ಪಾಲಿಸಿ ಇರಲಿ.

ಪಕ್ಕದ ಮನೆಯವರು ಈಗ ತಮಗೂ ಮಕ್ಕಳಿಗೂ ಒಂದು ಪಾಲಿಸಿ ಮಾಡಿಸಿದ್ದಾರೆ. ಅತ್ತೆಗೆ ಬೇರೆಯದೇ ಪಾಲಿಸಿಗೆ, ಸ್ಟೆಂಟ್ ವಿಷಯ ಬರೆದೇ, ಅರ್ಜಿ ಹಾಕಿದ್ದಾರೆ. ಸಿಗದಿದ್ದರೆ ಇರಲಿ ಅಂತ ಆಸ್ಪತ್ರೆ ಖರ್ಚಿಗೆಂದೇ ತಿಂಗಳು ತಿಂಗಳು ಆರ್‌ಡಿ ಕಟ್ಟುತ್ತಿದ್ದಾರೆ. ರಾಜೀನಾಮೆ ಪತ್ರ ಬೀರುವಿನಲ್ಲಿದೆಯಂತೆ. ತಾರೀಖು ಮಾತ್ರ ಇನ್ನೂ ಹಾಕಿಲ್ಲ.